ನಿಮಗಿದು ಗೊತ್ತೆ? ಹಸಿ ಗಾರೆಯ ಮೇಲೆ ಮೂಡಿದ ಸಂತರು
ಮಂಗಳೂರಿಗೆ ಹೋದರೆ, ಅಲ್ಲಿನ ಲೈಟ್‌ಹೌಸ್ ಹಿಲ್‌ನಲ್ಲಿ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರವನ್ನು ನೋಡಲೇಬೇಕು. ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯ ಜೆಸ್ವಿತ್ ಬ್ರದರ್ ಆಂಟೋನಿಯೊ ಮೊಸ್ಕೇನಿ. ಕೆಲಸ ಶುರುವಾದದ್ದು 1899ರಲ್ಲಿ. ಗೋಡೆಯ ಮೇಲಿನವು ಫ್ರೆಸ್ಕೊ ಚಿತ್ರಗಳು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತಪ್ಪಿದರೆ ಗಾರೆಯನ್ನೇ ಕೆರೆದು ಹೊಸದಾಗಿ ಬಳಿಯಬೇಕು. ಕರಾವಳಿಯ ತೇವದ ಹವೆಯಲ್ಲಿ ಇದು ನಿಜಕ್ಕೂ ಸಾಹಸ! ಚಾವಣಿಯ ನಡುವಿನ ಅಲೋಶಿಯಸ್ ಜೀವನದ ದೃಶ್ಯಗಳು ಮಾತ್ರ ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು. ಸಿರಿವಂತ ಮನೆತನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಧ್ಯಾನ, ಪ್ರಾರ್ಥನೆಗಳತ್ತ ತಿರುಗಿದ ಈ ತರುಣ, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆಗೆ ನಿಂತು ಸೋಂಕು ತಗುಲಿ 1591ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 23.