ಕಾಡಿನ ಧ್ವನಿಮುದ್ರಣ: ಪಕ್ಷಿವೈವಿಧ್ಯಕ್ಕೊಂದು ಲೆಕ್ಕಪುಸ್ತಕ

ಕಟಪಾಡಿಯಿಂದ ಶಿರ್ವ ಮಾರ್ಗವಾಗಿ ಕಾರ್ಕಳವನ್ನು ದಾಟಿದರೆ ಪಶ್ಚಿಮಘಟ್ಟದ ಅರಣ್ಯ ಆರಂಭವಾಗುತ್ತದೆ. ಉಡುಪಿ, ದಕ್ಷಿಣ ಕನ್ನಡ ಹಾಗೂ ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಣೆಯಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಂತಿತು. ಇಂತಹ ನೆಲದಲ್ಲಿ ಜೀವಸಂಕುಲ ಚೇತರಿಸಿಕೊಳ್ಳುತ್ತಿದೆಯೇ ಎಂಬುದನ್ನು ನಿರ್ಧರಿಸಲು ಅಭಿಪ್ರಾಯ ಸಾಲದು; ವರ್ಷದಿಂದ ವರ್ಷಕ್ಕೆ ಹೋಲಿಸಬಲ್ಲ ದಾಖಲೆ ಬೇಕು. ಧ್ವನಿಮುದ್ರಣವು ಅಂತಹ ದಾಖಲೆಯ ಒಂದು ವಿಧ.

ದಟ್ಟ ಮರಗಳ ನಡುವೆ ಹಕ್ಕಿ ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಮಂಗಟ್ಟೆ, ಸಿಳ್ಳಾರ, ಶಾಮ ಮುಂತಾದವುಗಳನ್ನು ಅನುಭವಿಗಳು ದನಿಯಿಂದಲೇ ಗುರುತಿಸುತ್ತಾರೆ. ಲುಡ್ವಿಗ್ ಕಾಖ್ ಎಂಬ ಬಾಲಕ 1889ರಲ್ಲಿ ಜರ್ಮನಿಯಲ್ಲಿ ಮೇಣದ ಸಿಲಿಂಡರಿನ ಮೇಲೆ ಮುದ್ರಿಸಿದ ಶಾಮ ಹಕ್ಕಿಯ ಹಾಡು, ತಿಳಿದಿರುವಂತೆ ಜಗತ್ತಿನ ಮೊದಲ ಪಕ್ಷಿ ಧ್ವನಿಮುದ್ರಣ. ನಮ್ಮ ಘಟ್ಟಗಳಲ್ಲಿಯೂ ವಾಸಿಸುವ ಪಕ್ಷಿಯಿದು.

ಇಂದು ಅಂಗೈಯಗಲದ ಯಂತ್ರವನ್ನು ಮರಕ್ಕೆ ಕಟ್ಟಿ, ನಿಗದಿತ ಸಮಯಕ್ಕೆ ತಾನಾಗಿಯೇ ಮುದ್ರಿಸುವಂತೆ ಮಾಡಲಾಗುತ್ತದೆ. ಲೆಕ್ಕ ಸರಳ. ಸೆಕೆಂಡಿಗೆ 48,000 ಮಾದರಿಗಳಂತೆ, 16 ಬಿಟ್‌ನ ಏಕವಾಹಿನಿ ಮುದ್ರಣಕ್ಕೆ ಗಂಟೆಗೆ ಸುಮಾರು 346 ಮೆಗಾಬೈಟ್ ಜಾಗ ಬೇಕು. ಪ್ರತಿ 5 ನಿಮಿಷಕ್ಕೆ 1 ನಿಮಿಷ ಮಾತ್ರ ಮುದ್ರಿಸಿದರೆ ದಿನಕ್ಕೆ ಸುಮಾರು 1.7 ಗಿಗಾಬೈಟ್, 64 ಗಿಗಾಬೈಟ್‌ನ ಕಾರ್ಡು ಒಂದು ತಿಂಗಳಿಗೆ ಸಾಕು. ಹೀಗೆ ಸಂಗ್ರಹವಾದ ದನಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿದ ಬರ್ಡ್‌ನೆಟ್‌ನಂತಹ ತಂತ್ರಾಂಶ ಪರಿಶೀಲಿಸಿ ಪ್ರಭೇದವನ್ನು ಸೂಚಿಸುತ್ತದೆ.

ಪಶ್ಚಿಮಘಟ್ಟದಲ್ಲಿಯೇ ಇದರ ಪ್ರಯೋಗ ನಡೆದಿದೆ. ತಮಿಳುನಾಡಿನ ಆನೆಮಲೆಯಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಸಿನೆಟ್ಟು ಪುನಶ್ಚೇತನಗೊಳಿಸಿದ ಕಾಡು, ತಾನಾಗಿ ಬೆಳೆಯಲು ಬಿಟ್ಟ ಕಾಡು ಮತ್ತು ಹಾಳಾಗದ ಕಾಡುಗಳನ್ನು ಧ್ವನಿಮುದ್ರಣದ ಮೂಲಕ ಹೋಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು.

ಈ ವಿಧಾನಕ್ಕೆ ಮಿತಿಗಳೂ ಉಂಟು. ಒಂದೇ ಹಕ್ಕಿ ಹತ್ತು ಬಾರಿ ಕೂಗಿತೇ, ಹತ್ತು ಹಕ್ಕಿಗಳು ಕೂಗಿದವೇ ಎಂದು ಹೇಳುವುದು ಕಷ್ಟ. ದನಿ ಕೇಳಿಸದ ಮಾತ್ರಕ್ಕೆ ಹಕ್ಕಿಯೇ ಇಲ್ಲವೆನ್ನಲಾಗದು. ಭೀಮರಾಜ ಪಕ್ಷಿಯು ಇತರ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಮುಂಗಾರಿನ ಮಳೆ ಮತ್ತು ಜೀರುಂಡೆಗಳ ಸದ್ದು ಉಳಿದ ದನಿಗಳನ್ನು ಮುಚ್ಚುತ್ತವೆ. ಆದ್ದರಿಂದ ತಂತ್ರಾಂಶದ ಉತ್ತರವನ್ನು ಬಲ್ಲವರು ಕೇಳಿ ದೃಢೀಕರಿಸುವುದು ಅನಿವಾರ್ಯ.

ಉದ್ಯಮಿಗಳಿಗೆ ಇದರಿಂದೇನು? 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ವರದಿ ಸಲ್ಲಿಸಬೇಕಾದ ಯೋಜನೆಗಳು ಸ್ಥಳದ ಸಸ್ಯ ಹಾಗೂ ಪ್ರಾಣಿಗಳ ವಿವರ ನೀಡಬೇಕಾಗುತ್ತದೆ. ಅದರಲ್ಲಿನ ಹಕ್ಕಿಗಳ ಪಟ್ಟಿಯನ್ನು ಮುಂದೆ ಯಾರಾದರೂ ಪ್ರಶ್ನಿಸಿದಾಗ ಬರಿಯ ಪಟ್ಟಿಯಿಂದ ಪ್ರಯೋಜನವಿಲ್ಲ. ಖಾತೆಗೆ ವೋಚರು ಹೇಗೋ, ಪಟ್ಟಿಗೆ ಧ್ವನಿಮುದ್ರಣ ಹಾಗೆ. ಯಾರು ಬೇಕಾದರೂ ಮರಳಿ ಕೇಳಿ ತಾಳೆ ನೋಡಬಹುದು. ಅದು ಉದ್ಯಮದ ಪರವಾಗಿಯೇ ನುಡಿಯುತ್ತದೆಂಬ ಭರವಸೆಯಿಲ್ಲ; ವಿವಾದಕ್ಕೆ ಆಧಾರ ಒದಗಿಸುತ್ತದೆ ಎಂಬುದೇ ಅದರ ಬೆಲೆ. ಸಲಹೆಗಾರರನ್ನು ನೇಮಿಸುವವರು ಸ್ಥಳ, ದಿನಾಂಕ, ವೇಳೆ ನಮೂದಿಸಿದ ಮೂಲ ಮುದ್ರಣಗಳನ್ನು ಕೇಳಿ ಪಡೆದು ಎರಡು ಪ್ರತಿಗಳಲ್ಲಿ ಕಾಯ್ದಿಡುವುದು ಲೇಸು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳೊಳಗೆ ಯಂತ್ರ ಇರಿಸಲು ಅರಣ್ಯ ಇಲಾಖೆಯ ಪೂರ್ವಾನುಮತಿ ಅಗತ್ಯ.

ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವಿದೆ. ಕರಾವಳಿಯ ಮಳೆ ಮತ್ತು ತೇವವನ್ನು ತಡೆದೂ ಮೈಕಿಗೆ ದನಿ ಬಿಡುವ ಪ್ಲಾಸ್ಟಿಕ್ ಕವಚ, ಬ್ಯಾಟರಿ ಪೆಟ್ಟಿಗೆ, ಮರದ ತೊಗಟೆಗೆ ಗಾಯವಾಗದ ಪಟ್ಟಿ ಇವು ಸ್ಥಳೀಯ ಘಟಕಗಳ ಕೌಶಲಕ್ಕೆ ನಿಲುಕದ ವಸ್ತುಗಳಲ್ಲ.