ನಕ್ಷೆಗಾರನ ಕೈಗೆ ಒಗ್ಗುವ ಸಂಕ್ಷೇಪಾಜ್ಞೆಗಳು

ಮಗುವಿಗೆ ಲಕ್ಷ್ಮೀನರಸಿಂಹಮೂರ್ತಿ ಎಂದು ನಾಮಕರಣ ಮಾಡಿದರೂ ದಿನಕ್ಕೆ ನೂರು ಬಾರಿ ಕೂಗಿ ಕರೆಯುವಾಗ ಅದು ‘ಮೂರ್ತಿ’ಯಾಗುತ್ತದೆ, ಶಾಲೆಯ ದಾಖಲೆಯಲ್ಲಿ ಬರೆಸುವಾಗ ಮಾತ್ರ ಪೂರ್ಣ ನಾಮಧೇಯ ಹೊರಬರುತ್ತದೆ. ಹೆಚ್ಚು ಬಳಕೆಯಾಗುವ ಹೆಸರು ಚಿಕ್ಕದಾಗಿರಬೇಕು, ಅಪರೂಪದ್ದು ಉದ್ದವಾಗಿದ್ದರೂ ಬಾಧಕವಿಲ್ಲ ಎಂಬುದು ಯಾರೂ ಕಲಿಸದೆಯೇ ನಾವೆಲ್ಲರೂ ಪಾಲಿಸುತ್ತಿರುವ ನಿಯಮ. ತಂತಿಯ ಮೂಲಕ ವಾರ್ತೆಗಳನ್ನು ಸಾಗಿಸಿದ ಮೋರ್ಸ್ ಸಂಕೇತದಲ್ಲಿಯೂ ಇದೇ ನಿಯಮವನ್ನು ಕಾಣುತ್ತೇವೆ. ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚಾಗಿ ಬರುವ ‘ಇ’ ಅಕ್ಷರಕ್ಕೆ ಅಲ್ಲಿ ಒಂದೇ ಒಂದು ಚುಕ್ಕೆ. ಅಪರೂಪವಾದ ‘ಕ್ಯೂ’ ಅಕ್ಷರಕ್ಕೆ ಮೂರು ಗೆರೆ, ಒಂದು ಚುಕ್ಕೆ.

ಕಟ್ಟಡಗಳ ನಕ್ಷೆಯನ್ನು ಗಣಕಯಂತ್ರದಲ್ಲಿ ಬರೆಯುವವರಿಗೆ ಈ ನಿಯಮ ನಿತ್ಯದ ಮಾತು. ಹಿಂದೆ ಹಲಗೆ, ಟಿ-ಪಟ್ಟಿ, ತ್ರಿಕೋನ ಪಟ್ಟಿ, ಕೈವಾರಗಳಿಂದ ಆಗುತ್ತಿದ್ದ ಕೆಲಸ ಇಂದು ತೆರೆಯ ಮೇಲೆ ಆಗುತ್ತದೆ. 1982ರಲ್ಲಿ ಹೊರಬಂದ ಆಟೋಕ್ಯಾಡ್, 2000ದಲ್ಲಿ ಬಂದ ಸ್ಕೆಚ್‌ಅಪ್ ಮತ್ತು ರೆವಿಟ್ ಮುಂತಾದ ತಂತ್ರಾಂಶಗಳು ಈ ಕೆಲಸದ ಸಾಧನಗಳು. ಗೆರೆ ಎಳೆ, ವೃತ್ತ ರಚಿಸು, ಸರಿಸು, ಅಳಿಸು, ಗೋಡೆ ನಿಲ್ಲಿಸು ಎಂದು ನಕ್ಷೆಗಾರನು ಇವುಗಳಿಗೆ ಆಜ್ಞಾಪಿಸುತ್ತಾನೆ. ಆಜ್ಞೆಯನ್ನು ಎರಡು ಬಗೆಯಲ್ಲಿ ಕೊಡಬಹುದು: ಮೌಸನ್ನು ಸರಿಸಿ ತೆರೆಯ ಅಂಚಿನಲ್ಲಿರುವ ಚಿತ್ರವನ್ನು ಒತ್ತಬಹುದು, ಇಲ್ಲವೆ ಕೀಲಿಮಣೆಯ ಮೇಲೆ ಒಂದೆರಡು ಅಕ್ಷರಗಳನ್ನು ಒತ್ತಬಹುದು. ಈ ಎರಡನೆಯ ಬಗೆಯನ್ನೇ ಶಾರ್ಟ್‌ಕಟ್, ಎಂದರೆ ಸಂಕ್ಷೇಪಾಜ್ಞೆ ಎನ್ನುತ್ತಾರೆ. ಯಾವ ಅಕ್ಷರಕ್ಕೆ ಯಾವ ಆಜ್ಞೆ ಎಂಬುದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ನಾವೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವನ್ನೂ ಈ ತಂತ್ರಾಂಶಗಳು ಕೊಟ್ಟಿವೆ. ಆ ಸ್ವಾತಂತ್ರ್ಯವನ್ನು ಬಳಸುವ ಬಗೆ ಯಾವುದು?

ಮೊದಲು ಲಾಭದ ಲೆಕ್ಕವನ್ನು ನೋಡೋಣ. 1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಆಲೆನ್ ನ್ಯೂವೆಲ್ ಎಂಬ ಮೂವರು ವಿಜ್ಞಾನಿಗಳು, ಗಣಕದ ಮುಂದೆ ಕುಳಿತವನ ಕೆಲಸವನ್ನು ಬಿಡಿ ಬಿಡಿ ಚಲನೆಗಳಾಗಿ ಒಡೆದು ಪ್ರತಿಯೊಂದಕ್ಕೂ ತಗಲುವ ಸರಾಸರಿ ಕಾಲವನ್ನು ಸೂಚಿಸಿದರು. ನುರಿತ ಕೈ ಒಂದು ಕೀಲಿಯನ್ನು ಒತ್ತಲು ಸುಮಾರು 0.2 ಸೆಕೆಂಡು, ಮೌಸಿನಿಂದ ತೆರೆಯ ಮೇಲಿನ ಒಂದು ಗುರಿಯನ್ನು ಮುಟ್ಟಲು 1.1 ಸೆಕೆಂಡು, ಕೀಲಿಮಣೆಗೂ ಮೌಸಿಗೂ ನಡುವೆ ಕೈಯನ್ನು ಸಾಗಿಸಲು 0.4 ಸೆಕೆಂಡು, ಮುಂದೇನು ಮಾಡಬೇಕೆಂದು ಮನಸ್ಸು ಸಜ್ಜಾಗಲು 1.35 ಸೆಕೆಂಡು.

ನಕ್ಷೆಗಾರನ ಬಲಗೈ ಮೌಸಿನ ಮೇಲೆ, ಎಡಗೈ ಕೀಲಿಮಣೆಯ ಮೇಲೆ ಇದೆಯೆಂದು ಭಾವಿಸಿ. ಗೆರೆ ಎಳೆಯುವ ಆಜ್ಞೆಗಾಗಿ ಅವನು ಚಿತ್ರದತ್ತ ಮೌಸನ್ನು ಒಯ್ಯಲು 1.1, ಅದನ್ನು ಒತ್ತಿಬಿಡಲು 0.2, ಮರಳಿ ನಕ್ಷೆಗೆ ಬರಲು 1.1, ಒಟ್ಟು 2.4 ಸೆಕೆಂಡು ಬೇಕು. ಅದರ ಬದಲು ಎಡಗೈಯಿಂದ ಎರಡು ಕೀಲಿಗಳನ್ನು ಒತ್ತಿದರೆ 0.4 ಸೆಕೆಂಡು ಸಾಕು. ಉಳಿತಾಯ ಎರಡೇ ಸೆಕೆಂಡು. ಆದರೆ ದಿನಕ್ಕೆ ಸಾವಿರ ಆಜ್ಞೆಗಳೆಂದು ಹಿಡಿದರೆ ಅದು ಅರ್ಧ ಗಂಟೆಗೂ ಮೀರುತ್ತದೆ. ಇದಕ್ಕಿಂತಲೂ ಮುಖ್ಯವಾದುದೆಂದರೆ, ದೃಷ್ಟಿ ನಕ್ಷೆಯನ್ನು ಬಿಟ್ಟು ಅಲೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಈ ಆಜ್ಞೆಗೆ ಯಾವ ಅಕ್ಷರವನ್ನು ಇಟ್ಟುಕೊಂಡಿದ್ದೆ?’ ಎಂದು ಒಮ್ಮೆ ತಡವರಿಸಿದರೆ, ಉಳಿದ ಎರಡು ಸೆಕೆಂಡಿನಲ್ಲಿ 1.35 ಸೆಕೆಂಡು ಅಲ್ಲಿಯೇ ಕಳೆದುಹೋಯಿತು. ಎರಡನೆಯ ಸಲ ತಡವರಿಸಿದರೆ ನಷ್ಟವೇ ಸರಿ. ಆದುದರಿಂದ ಸಂಕ್ಷೇಪಾಜ್ಞೆ ಸಂಕ್ಷೇಪವಾಗಿದ್ದರೆ ಸಾಲದು. ಅದು ಬೆರಳಿಗೆ ರೂಢಿಯಾಗಿರಬೇಕು. ರೂಢಿಯಾಗುವುದು ಮತ್ತೆ ಮತ್ತೆ ಬಳಸಿದುದು ಮಾತ್ರ. ವರ್ಷಕ್ಕೆರಡು ಬಾರಿ ಬೇಕಾಗುವ ಆಜ್ಞೆಗೆ ಕಿರುಹೆಸರನ್ನು ಕೊಡುವುದು ವ್ಯರ್ಥ.

ಇನ್ನೊಂದು ತೊಡಕೂ ಉಂಟು. ಇಂಗ್ಲಿಷ್ ಅಕ್ಷರಗಳು 26 ಮಾತ್ರ, ಆಜ್ಞೆಗಳೋ ನೂರಾರು. ಈ ಕೊರತೆಯನ್ನು ಮೂರು ತಂತ್ರಾಂಶಗಳು ಮೂರು ವಿಧವಾಗಿ ನೀಗಿಸಿಕೊಂಡಿವೆ. ಸ್ಕೆಚ್‌ಅಪ್‌ನಲ್ಲಿ ಅಕ್ಷರವನ್ನು ಒತ್ತಿದ ಕ್ಷಣವೇ ಆಜ್ಞೆ ನಡೆಯುತ್ತದೆ: ‘ಎಲ್’ ಎಂದರೆ ಗೆರೆ, ‘ಆರ್’ ಎಂದರೆ ಆಯತ. ಒಂದೇ ಪೆಟ್ಟಿಗೆ ಕೆಲಸವಾಗುವುದೇನೋ ನಿಜ. ಆದರೆ ಅಕ್ಷರಗಳು ಬೇಗ ಮುಗಿದುಹೋಗುತ್ತವೆ. ಆಟೋಕ್ಯಾಡಿನಲ್ಲಿ ಅಕ್ಷರಗಳನ್ನು ಒತ್ತಿ, ಕೊನೆಗೆ ಸ್ಪೇಸ್ ಬಾರನ್ನೋ ಎಂಟರ್ ಕೀಲಿಯನ್ನೋ ಒತ್ತಬೇಕು. ವಾಕ್ಯದ ಕೊನೆಯ ಪೂರ್ಣವಿರಾಮದಂತೆ ಅದು ಹೆಸರು ಮುಗಿಯಿತೆಂಬುದನ್ನು ಸಾರುತ್ತದೆ. ಆದುದರಿಂದಲೇ ವೃತ್ತಕ್ಕೆ ‘ಸಿ’, ನಕಲಿಗೆ ‘ಸಿಒ’, ಮೂಲೆಯನ್ನು ಓರೆಯಾಗಿ ಕತ್ತರಿಸಲು ‘ಸಿಎಚ್‌ಎ’ ಎಂಬ ಮೂರೂ ಒಂದಕ್ಕೊಂದು ಅಡ್ಡಬಾರದೆ ಬಾಳುತ್ತವೆ. ರೆವಿಟ್‌ನಲ್ಲಿ ಸಾಮಾನ್ಯವಾಗಿ ಎರಡೆರಡು ಅಕ್ಷರಗಳು: ಗೋಡೆಗೆ ‘ಡಬ್ಲ್ಯುಎ’, ಕಿಟಕಿಗೆ ‘ಡಬ್ಲ್ಯುಎನ್’, ಬಾಗಿಲಿಗೆ ‘ಡಿಆರ್’. ಎಲ್ಲ ಹೆಸರುಗಳೂ ಒಂದೇ ಉದ್ದವಾದುದರಿಂದ ಎರಡನೆಯ ಅಕ್ಷರ ಬಿದ್ದೊಡನೆ ಹೆಸರು ಮುಗಿದಂತೆ; ಬೇರೆ ವಿರಾಮಚಿಹ್ನೆ ಬೇಡ. 26ನ್ನು 26ರಿಂದ ಗುಣಿಸಿದರೆ 676 ಜೋಡಿಗಳು ದೊರೆಯುತ್ತವೆ.

ಈಗ ಮಾರ್ಪಾಡಿನ ವಿಚಾರಕ್ಕೆ ಬರೋಣ. ತಯಾರಕರು ಕೊಟ್ಟ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಅವು ನೆನಪಿಗೆ ಅನುಕೂಲ, ಆದರೆ ಕೈಗೆ ಯಾವಾಗಲೂ ಅನುಕೂಲವಲ್ಲ. ಸಾಮಾನ್ಯ ಕೀಲಿಮಣೆಯಲ್ಲಿ ಎಡಗೈಯ ಭಾಗಕ್ಕೆ ಸೇರಿದ ಅಕ್ಷರಗಳು 15, ಬಲಗೈಯವು 11. ಆಟೋಕ್ಯಾಡಿನಲ್ಲಿ ಗೆರೆಯ ‘ಎಲ್’, ಸರಿಸುವ ‘ಎಂ’, ಸಮಾನಾಂತರ ಗೆರೆಯ ‘ಒ’ ಎಲ್ಲವೂ ಬಲಭಾಗದಲ್ಲಿವೆ. ಬಲಗೈಯಲ್ಲಿ ಮೌಸನ್ನು ಹಿಡಿದವನು ಇವಕ್ಕಾಗಿ ಎಡಗೈಯನ್ನು ದಾಟಿಸಬೇಕು, ಇಲ್ಲವೆ ಮೌಸನ್ನು ಬಿಡಬೇಕು. ಎಡಗೈಯಲ್ಲಿ ಮೌಸನ್ನು ಹಿಡಿಯುವವರ ತೊಂದರೆ ಬೇರೆ: ಅವರಿಗೆ ‘ಎಲ್’, ‘ಎಂ’ಗಳು ಸುಲಭ, ಅಳಿಸುವ ‘ಇ’, ಕತ್ತರಿಸುವ ‘ಟಿಆರ್’ ದೂರ. ಒಂದೇ ಅಳತೆಯ ಅಂಗಿ ಎಲ್ಲರ ಮೈಗೂ ಒಪ್ಪದು. ಮಾರ್ಪಾಡಿನ ಅವಕಾಶಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ.

ಆಟೋಕ್ಯಾಡಿನ ಸಂಕ್ಷೇಪಗಳೆಲ್ಲ ‘ಎಕ್ಯಾಡ್.ಪಿಜಿಪಿ’ ಎಂಬ ಸಾಧಾರಣ ಪಠ್ಯದ ಕಡತದಲ್ಲಿವೆ. ಒಂದೊಂದು ಸಾಲಿನಲ್ಲಿ ಮೊದಲು ಸಂಕ್ಷೇಪ, ಬಳಿಕ ಅಲ್ಪವಿರಾಮ, ಬಳಿಕ ನಕ್ಷತ್ರಚಿಹ್ನೆಯೊಡನೆ ಆಜ್ಞೆಯ ಪೂರ್ಣ ಹೆಸರು. ನಕಲಿನ ‘ಸಿಒ’ ಎಂಬುದಕ್ಕೆ ಜೊತೆಯಾಗಿ ಎಡಗೈಗೆ ಸುಲಭವಾದ ‘ಸಿಸಿ’ ಬೇಕಾದರೆ, ಆ ಹೆಸರು ಬೇರೆ ಆಜ್ಞೆಗೆ ಸಂದಿಲ್ಲವೆಂಬುದನ್ನು ನೋಡಿಕೊಂಡು ಕಡತದ ಕೊನೆಯಲ್ಲಿ ಒಂದು ಸಾಲನ್ನು ಸೇರಿಸಿದರಾಯಿತು. ಒಂದೇ ಸಂಕ್ಷೇಪ ಎರಡು ಕಡೆ ಬಂದಿದ್ದರೆ ಕೊನೆಯದೇ ಊರ್ಜಿತ. ಬಳಿಕ ‘ರೀಇನಿಟ್’ ಎಂಬ ಆಜ್ಞೆಯಿಂದ ಕಡತವನ್ನು ಮತ್ತೆ ಓದಿಸಬೇಕು, ಇಲ್ಲವೆ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ರೆವಿಟ್‌ನಲ್ಲಿ ‘ಕೆಎಸ್’ ಎಂದು ಒತ್ತಿದರೆ ಸಂಕ್ಷೇಪಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ತಿದ್ದಿದ ಪಟ್ಟಿಯನ್ನು ಪ್ರತ್ಯೇಕ ಕಡತವಾಗಿ ಹೊರತೆಗೆದು ಬೇರೊಂದು ಗಣಕಕ್ಕೆ ಒಯ್ಯಬಹುದು. ಸ್ಕೆಚ್‌ಅಪ್‌ನಲ್ಲಿ ಪ್ರಿಫರೆನ್ಸಸ್ ವಿಭಾಗದ ಶಾರ್ಟ್‌ಕಟ್ಸ್ ಎಂಬಲ್ಲಿ ಈ ಏರ್ಪಾಡಿದೆ. ಕನ್ನಡದ ಬರವಣಿಗೆಯನ್ನೂ ಅದೇ ಗಣಕದಲ್ಲಿ ಮಾಡುವವರು, ನಕ್ಷೆಗೆ ಮರಳುವಾಗ ಕೀಲಿಮಣೆಯನ್ನು ಇಂಗ್ಲಿಷಿಗೆ ಹೊರಳಿಸಲು ಮರೆಯಬಾರದು. ಕನ್ನಡದ ಅಕ್ಷರಗಳು ಮೂಡಿದರೆ ತಂತ್ರಾಂಶ ಆಜ್ಞೆಯನ್ನು ಗುರುತಿಸದು.

ರೂಢಿಯ ಬಲ ದೊಡ್ಡದು, ಅದರ ಅಪಾಯವೂ ದೊಡ್ಡದು. ಡಾಸ್ ಕಾಲದ ಆಟೋಕ್ಯಾಡಿನಲ್ಲಿ ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಕೂಡಿ ಒತ್ತಿದರೆ ನಡೆಯುತ್ತಿರುವ ಆಜ್ಞೆ ರದ್ದಾಗುತ್ತಿತ್ತು. ವಿಂಡೋಸ್ ಬಳಕೆಗೆ ಬಂದಮೇಲೆ ಅದೇ ಜೋಡಿ ನಕಲು ಮಾಡುವುದಕ್ಕೆ ಮೀಸಲಾಯಿತು; ರದ್ದುಮಾಡುವ ಕೆಲಸ ಎಸ್ಕೇಪ್ ಕೀಲಿಗೆ ಹೋಯಿತು. ಬುದ್ಧಿ ಹೊಸ ಪಾಠವನ್ನು ಒಂದು ದಿನದಲ್ಲಿ ಕಲಿಯುತ್ತದೆ. ಬೆರಳು ಹಳೆಯ ಪಾಠವನ್ನು ಅಷ್ಟು ಬೇಗ ಬಿಡುವುದಿಲ್ಲ. ತಂತ್ರಾಂಶದಿಂದ ತಂತ್ರಾಂಶಕ್ಕೆ ಹೋಗುವಾಗಲೂ ಹೀಗೆಯೇ. ‘ಪಿ’ ಎಂದರೆ ಆಟೋಕ್ಯಾಡಿನಲ್ಲಿ ನೋಟವನ್ನು ಪಕ್ಕಕ್ಕೆ ಸರಿಸುವುದು. ಸ್ಕೆಚ್‌ಅಪ್‌ನಲ್ಲಿ ಒಂದು ಮುಖವನ್ನು ಎಳೆದು ಎತ್ತರಿಸುವುದು ಅಥವಾ ಒಳಕ್ಕೆ ತಳ್ಳುವುದು.

ಇದರಿಂದ ಮೂರು ಕಟ್ಟಳೆಗಳು ಹೊರಡುತ್ತವೆ. ಒಂದು: ‘ಸಿ’ಗೆ ವೃತ್ತ, ‘ಇ’ಗೆ ಅಳಿಸುವುದು, ‘ಎಂ’ಗೆ ಸರಿಸುವುದು ಎಂದು ಆಟೋಕ್ಯಾಡ್, ಸ್ಕೆಚ್‌ಅಪ್ ಎರಡರಲ್ಲಿಯೂ ಒಂದೇ ಆಗಿರುವಂಥ ಅರ್ಥಗಳನ್ನು ಕೆಡಿಸಬಾರದು; ಹಳೆಯ ಹೆಸರನ್ನು ಉಳಿಸಿಕೊಂಡು ಹೊಸದನ್ನು ಜೊತೆಗಿಡುವುದು ಲೇಸು. ಎರಡು: ಅಳಿಸುವಂಥ ಆಜ್ಞೆಯನ್ನು ಪದೇ ಪದೇ ಒತ್ತುವ ಕೀಲಿಯ ಮಗ್ಗುಲಲ್ಲಿ ಇಡಬಾರದು, ಬೆರಳು ಜಾರಿದಾಗ ತಿಳಿಯದೆಯೇ ಒಂದು ಗೋಡೆ ಮಾಯವಾದೀತು. ಮೂರು: ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಹಲವರು ಬಳಸುವ ಗಣಕವನ್ನು ಒಬ್ಬರ ಕೈಗಾಗಿ ಬದಲಾಯಿಸಕೂಡದು. ನಮಗೆ ಒಗ್ಗಿದ ‘ಸಿಸಿ’ ನಮ್ಮ ನಂತರ ಕೂರುವವರಿಗೆ ಎಡವುಗಲ್ಲಾದೀತು. ಮೂಲ ಕಡತದ ಪ್ರತಿಯನ್ನು ಮೊದಲೇ ತೆಗೆದಿಟ್ಟು, ಕೆಲಸ ಮುಗಿದಮೇಲೆ ಅದನ್ನೇ ಮರಳಿ ಸ್ಥಾಪಿಸಬೇಕು. ಪರೀಕ್ಷೆಯಲ್ಲಿಯಾಗಲಿ ಮೊದಲ ಉದ್ಯೋಗದಲ್ಲಿಯಾಗಲಿ ತಯಾರಕರ ಮೂಲ ಹೆಸರುಗಳೇ ಇರುವ ಗಣಕ ಎದುರಾಗಬಹುದಾದುದರಿಂದ ವಿದ್ಯಾರ್ಥಿಯು ಅವುಗಳನ್ನು ಪೂರ್ತಿ ಮರೆಯುವಂತೆಯೂ ಇಲ್ಲ.

ಮಾರ್ಪಾಡಿಗೆ ಕೈಹಾಕುವ ಮುನ್ನ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ವಾರ ಕೀಲಿಮಣೆಯ ಪಕ್ಕದಲ್ಲಿ ಒಂದು ಹಾಳೆಯನ್ನಿಟ್ಟು, ಆಜ್ಞೆ ಕೊಟ್ಟಾಗಲೆಲ್ಲ ಅದರ ಹೆಸರಿನ ಮುಂದೆ ಒಂದು ಗೀಟು ಎಳೆಯಿರಿ. ಚಿತ್ರಕ್ಕಾಗಿ ಮೌಸನ್ನು ಒಯ್ಯಬೇಕಾಗಿ ಬಂದ ಆಜ್ಞೆಗಳಿಗೆ ಬೇರೆ ಗುರುತು ಹಾಕಿ. ವಾರದ ಕೊನೆಗೆ ಎಣಿಸಿ, ಹೆಚ್ಚು ಬಳಸಿಯೂ ಕೈಗೆ ದೂರವಾಗಿರುವ ಐದನ್ನು ಮಾತ್ರ ಆರಿಸಿ ಅವಕ್ಕೆ ಹತ್ತಿರದ ಅಕ್ಷರಗಳನ್ನು ಕೊಡಿ. ಆ ಐದೂ ಯೋಚಿಸದೆಯೇ ಬೆರಳಿಗೆ ಬರುವವರೆಗೆ ಆರನೆಯದಕ್ಕೆ ಹೋಗಬೇಡಿ.