ತಾನಾಗಿ ತುಂಬಿಕೊಳ್ಳುವ ಕೋವಿ: ಆಯ್ಕೆಯ ವಿಚಾರ

ಕೋವಿಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಪೋಲೀಸರೂ ಯುದ್ಧವೂ ನೆನಪಾಗುವುದು ಸಹಜ. ಆದರೆ ನಮ್ಮ ಕೊಡಗಿನಲ್ಲೇ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿ ಇಂದಿಗೂ ಉಂಟು. ಅಮೆರಿಕ, ಇಟಲಿ ಮುಂತಾದ ದೇಶಗಳಲ್ಲಿಯೂ ಕೋವಿಯು ಬೇಟೆಗಾರನ ಮತ್ತು ಕ್ರೀಡಾಪಟುವಿನ ಉಪಕರಣವಾಗಿದೆ. ಅಲ್ಲಿ ಒಬ್ಬನು ಸೆಮಿ-ಆಟೊಮ್ಯಾಟಿಕ್ ಷಾಟ್‌ಗನ್ ಒಂದನ್ನು ಕೊಳ್ಳಹೊರಟರೆ ಏನೇನನ್ನು ಆಲೋಚಿಸಬೇಕಾಗುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬೇಟೆಯ ಹವ್ಯಾಸಕ್ಕೆ ಕೊನೆ ಹೇಳಿವೆ. ಆದ್ದರಿಂದ ಮುಂದೆ ಬೇಟೆಯ ಪ್ರಸ್ತಾಪ ಬಂದಲ್ಲೆಲ್ಲ ಅದು ಪರದೇಶದ ಮಾತೆಂದೇ ವಾಚಕರು ತಿಳಿಯಬೇಕು.

ಮೊದಲು ಷಾಟ್‌ಗನ್ ಎಂದರೇನೆಂಬುದನ್ನು ನೋಡೋಣ. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾದ ಗೀರುಗಳಿರುತ್ತವೆ. ಅದರಿಂದ ಒಂದೇ ಗುಂಡು ಗಿರ್ರನೆ ತಿರುಗುತ್ತ ಬಹುದೂರ ಹೋಗುತ್ತದೆ. ಷಾಟ್‌ಗನ್ನಿನ ನಳಿಗೆಯಾದರೋ ಒಳಗೆ ನುಣುಪು. ಅದರಿಂದ ಹೊರಡುವುದು ಚರೆ, ಅಂದರೆ ನೂರಾರು ಸಣ್ಣ ಗುಂಡುಗಳ ಗುಂಪು. ದೂರ ಹೋದಂತೆಲ್ಲ ಅದು ಹರಡಿಕೊಳ್ಳುವುದರಿಂದ ಹಾರುತ್ತಿರುವ ಗುರಿಗೆ ಇದೇ ತಕ್ಕದ್ದು. ‘ಹನ್ನೆರಡು ಬೋರು’ ಎಂಬ ಮಾತಿನ ಅರ್ಥವೂ ಸ್ವಾರಸ್ಯವಾಗಿದೆ. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ. ಆದುದರಿಂದ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. ಇಪ್ಪತ್ತು ಬೋರಿನ ಕೋವಿ ಹನ್ನೆರಡು ಬೋರಿನದಕ್ಕಿಂತ ಕಿರಿದು.

ಸೆಮಿ-ಆಟೊಮ್ಯಾಟಿಕ್ ಎಂದರೆ ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಯುವ ಮೆಷಿನ್‌ಗನ್ ಅಲ್ಲ. ಟ್ರಿಗ್ಗರನ್ನು ಒಂದು ಸಲ ಎಳೆದರೆ ಒಂದೇ ಈಡು. ಆದರೆ ಖಾಲಿ ತೋಟಾವನ್ನು ಹೊರಗೆಸೆದು ಹೊಸ ತೋಟಾವನ್ನು ಒಳಗೆ ತುಂಬಿಕೊಳ್ಳುವ ಕೆಲಸವನ್ನು ಕೋವಿ ತಾನೇ ಮಾಡಿಕೊಳ್ಳುತ್ತದೆ. ಈ ಕೆಲಸಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ? ಹಾರಿದ ಈಡಿನಿಂದಲೇ. ಈ ಶಕ್ತಿಯನ್ನು ಹಿಡಿದು ದುಡಿಸಿಕೊಳ್ಳುವ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯ ಉಪಾಯವನ್ನು ಕಂಡುಹಿಡಿದವನು ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಊರಿನಲ್ಲಿ 1855ರಲ್ಲಿ ಹುಟ್ಟಿದ ಜಾನ್ ಮೋಸೆಸ್ ಬ್ರೌನಿಂಗ್. ಇವನ ತಂದೆಯೂ ಕೋವಿ ಮಾಡುವ ಕಸಬಿನವನು. ಬ್ರೌನಿಂಗ್ ತನ್ನ ಕೋವಿಗೆ 1900ರಲ್ಲಿ ಪೇಟೆಂಟು ಪಡೆದನು. ಮಾರಾಟವಾದ ಒಂದೊಂದು ಕೋವಿಗೂ ತನಗೆ ಪಾಲು ಬೇಕೆಂಬ ಅವನ ಬೇಡಿಕೆಗೆ ವಿಂಚೆಸ್ಟರ್ ಕಂಪೆನಿ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪೆನಿಯ ಮುಖ್ಯಸ್ಥನನ್ನು ಕಾಣಲು ಹೋದರೆ, ಅದೇ ದಿನ ಆತನು ಹೃದಯಾಘಾತದಿಂದ ತೀರಿಕೊಂಡನು. ಕಡೆಗೆ ಬ್ರೌನಿಂಗ್ ಸಮುದ್ರ ದಾಟಿ ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಗೆ ಹೋಗಬೇಕಾಯಿತು. ‘ಆಟೊ-5’ ಎಂದು ಹೆಸರಾದ ಈ ಗೂನುಬೆನ್ನಿನ ಕೋವಿ ಇಪ್ಪತ್ತನೆಯ ಶತಮಾನದ ಬಹುಭಾಗ ತಯಾರಾಗುತ್ತಲೇ ಇತ್ತು. ಇದರಲ್ಲಿ ಈಡು ಹಾರಿದೊಡನೆ ನಳಿಗೆಯೇ ಹಿಂದಕ್ಕೆ ಸರಿದು ಮುಂದಕ್ಕೆ ಬರುತ್ತದೆ. ಹಗುರ ತೋಟಾಕ್ಕೊಂದು ಬಗೆ, ಭಾರಿ ತೋಟಾಕ್ಕೊಂದು ಬಗೆಯಾಗಿ ಒಳಗಿನ ಘರ್ಷಣೆಯ ಬಳೆಗಳನ್ನು ಬಳಸುವವನೇ ಹೊಂದಿಸಿಕೊಳ್ಳಬೇಕಾಗಿತ್ತು.

ಎರಡನೆಯದು ಅನಿಲದ ಉಪಾಯ. ನಳಿಗೆಯಲ್ಲಿ ಸಣ್ಣ ರಂಧ್ರ ಕೊರೆದು, ಉರಿದ ಮದ್ದಿನ ಅನಿಲದಲ್ಲಿ ಸ್ವಲ್ಪ ಭಾಗವನ್ನು ಹೊರಕ್ಕೆ ತೆಗೆದು, ಅದರಿಂದ ಪಿಸ್ಟನ್ ಒಂದನ್ನು ನೂಕಿಸುವುದು. 1963ರಲ್ಲಿ ಬಂದ ರೆಮಿಂಗ್ಟನ್ 1100 ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂರನೆಯದು ಜಡತ್ವದ ಉಪಾಯ. ಬೊಲೋನ್ಯಾದ ಬ್ರೂನೊ ಚಿವೊಲಾನಿ ಎಂಬಾತನ ಕಲ್ಪನೆಯನ್ನು, 1967ರಲ್ಲಿ ಇಟಲಿಯ ಉರ್ಬಿನೊ ನಗರದಲ್ಲಿ ಆರಂಭವಾದ ಬೆನೆಲ್ಲಿ ಕಾರ್ಖಾನೆ ಬೆಳೆಸಿತು. ಚಿತ್ರಕಾರ ರಾಫೇಲನ ಜನ್ಮಸ್ಥಳವೂ ಇದೇ ಉರ್ಬಿನೊ. ಹೊರಟ ಬಸ್ಸಿನಲ್ಲಿ ನಿಂತವನು ಹಿಂದಕ್ಕೆ ವಾಲುತ್ತಾನಲ್ಲವೆ? ಹಾಗೆಯೇ ಕೋವಿ ಹಿಂದಕ್ಕೆ ಒದೆದಾಗ ಅದರೊಳಗಿನ ಭಾರವಾದ ಬೋಲ್ಟು ನಿಂತಲ್ಲೇ ನಿಲ್ಲಬಯಸಿ ಒಂದು ಗಡುಸಾದ ಸ್ಪ್ರಿಂಗನ್ನು ಅದುಮುತ್ತದೆ. ಆ ಸ್ಪ್ರಿಂಗು ಬಿಚ್ಚಿಕೊಂಡಾಗ ಬೋಲ್ಟು ಹಿಂದಕ್ಕೆ ಚಿಮ್ಮಿ, ಖಾಲಿ ತೋಟಾವನ್ನು ಎಸೆಯುತ್ತದೆ.

ಇನ್ನು ಮಣ್ಣಿನ ಹಕ್ಕಿಯ ಆಟ. ಹತ್ತೊಂಬತ್ತನೆಯ ಶತಮಾನದಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಹಾರಿಬಿಟ್ಟು ಹೊಡೆಯುವುದೇ ಪಂದ್ಯವಾಗಿತ್ತು. ಸಿನ್ಸಿನಾಟಿ ನಗರದ ಜಾರ್ಜ್ ಲಿಗೋವ್ಸ್ಕಿ 1880ರಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗೆ ಪೇಟೆಂಟು ಪಡೆದನು. ಮುಂದೆ ಮಣ್ಣು ಹೋಗಿ ಸುಣ್ಣಕಲ್ಲಿನ ಪುಡಿ ಮತ್ತು ಕೀಲು ಬಂದವು. ಹೆಸರು ಮಾತ್ರ ಉಳಿದುಕೊಂಡಿತು. ಅಂತರರಾಷ್ಟ್ರೀಯ ಪಂದ್ಯದ ಬಿಲ್ಲೆ 110 ಮಿಲಿಮೀಟರು ಅಗಲ, ಸುಮಾರು 105 ಗ್ರಾಂ ತೂಕ. ಟ್ರ್ಯಾಪ್ ಪಂದ್ಯದಲ್ಲಿ ಬಿಲ್ಲೆಯು ಆಟಗಾರನ ಎದುರಿನಿಂದ ದೂರಕ್ಕೆ ಹಾರಿಹೋಗುತ್ತದೆ. ಸ್ಕೀಟ್ ಪಂದ್ಯದಲ್ಲಿ ಎರಡು ಕಡೆಯ ಮನೆಗಳಿಂದ ಅಡ್ಡಡ್ಡಲಾಗಿ ಹಾರುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡರು ಭಾರತಕ್ಕೆ ಬೆಳ್ಳಿಯ ಪದಕ ತಂದದ್ದು ಡಬಲ್ ಟ್ರ್ಯಾಪ್ ಎಂಬ ಇಂತಹುದೇ ಸ್ಪರ್ಧೆಯಲ್ಲಿ.

ಈಗ ಆಯ್ಕೆಗೆ ಬರೋಣ. ಅಂಗಡಿಯಲ್ಲಿ ‘ಎಲ್ಲಕ್ಕಿಂತ ಒಳ್ಳೆಯ ಕೋವಿ ಯಾವುದು?’ ಎಂದು ಕೇಳುವುದೇ ತಪ್ಪಾದ ಪ್ರಶ್ನೆ. ಯಾವ ಕೆಲಸಕ್ಕೆ ಎಂಬುದು ಮೊದಲು ನಿಶ್ಚಯವಾಗಬೇಕು. ಇದರ ಮರ್ಮ ತೂಕದಲ್ಲಿದೆ. 28 ಗ್ರಾಂ ಚರೆ ಸೆಕೆಂಡಿಗೆ 400 ಮೀಟರು ವೇಗದಿಂದ ಹೊರಟಿತೆನ್ನೋಣ. ಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 3.2 ಕಿಲೋಗ್ರಾಂ ಕೋವಿ ಸೆಕೆಂಡಿಗೆ 3.5 ಮೀಟರು ವೇಗದಿಂದ ಹಿಂದಕ್ಕೆ ಒದೆಯುತ್ತದೆ, 2.8 ಕಿಲೋಗ್ರಾಂ ಕೋವಿಯಾದರೆ 4 ಮೀಟರು ವೇಗದಿಂದ. ಬೇಟೆಗಾರನು ದಿನವಿಡೀ ಕೋವಿ ಹೊತ್ತು ನಡೆದು ಹಾರಿಸುವುದು ನಾಲ್ಕೈದು ಈಡು. ಅವನಿಗೆ ಹಗುರ ಕೋವಿಯೇ ಹಿತ. ಬಿಲ್ಲೆ ಹೊಡೆಯುವವನು ನಿಂತಲ್ಲೇ ನೂರು ಈಡು ಹಾರಿಸುತ್ತಾನೆ. ನೂರು ಒದೆತವನ್ನು ಅವನ ಭುಜ ತಡೆಯಬೇಕು. ಅವನಿಗೆ ಭಾರದ ಕೋವಿಯೇ ಮಿತ್ರ. ಎರಡಕ್ಕೂ ಒಂದೇ ಕೋವಿ ಬೇಕೆನ್ನುವವನು ಎರಡರ ನಡುವಣ ತೂಕವನ್ನು ಹುಡುಕಿ, ಎರಡು ಕಡೆಯೂ ಸ್ವಲ್ಪ ನಷ್ಟಕ್ಕೆ ಒಪ್ಪಿಕೊಳ್ಳಬೇಕು.

ಯಂತ್ರದ ಆಯ್ಕೆಯೂ ಇದನ್ನೇ ಅನುಸರಿಸುತ್ತದೆ. ಅನಿಲದ ಕೋವಿಯಲ್ಲಿ ಒದೆತದ ಪೆಟ್ಟು ಹೆಚ್ಚು ಹೊತ್ತಿನ ಮೇಲೆ ಹರಡುವುದರಿಂದ ಅದು ಭುಜಕ್ಕೆ ಮೃದು. ಆದರೆ ಮದ್ದಿನ ಮಸಿ ಪಿಸ್ಟನ್ನಿನ ಮೇಲೆ ಕೂರುತ್ತದೆ; ಅದನ್ನು ಆಗಾಗ ಬಿಚ್ಚಿ ತೊಳೆಯದಿದ್ದರೆ ಮುಷ್ಕರ ಹೂಡುತ್ತದೆ. ಜಡತ್ವದ ಕೋವಿ ಹಗುರ, ಒಳಗೆ ಸ್ವಚ್ಛ. ಕೆಸರು ಚಳಿಗಳ ನಡುವೆ ಬಾತುಬೇಟೆಯಾಡುವವರಿಗೆ ಅದರ ಮೇಲೆ ನಂಬಿಕೆ ಹೆಚ್ಚು. ಒದೆತ ಮಾತ್ರ ಚುರುಕು. ಅಲ್ಲದೆ ತೀರ ಹಗುರ ತೋಟಾ ಹಾಕಿದರೆ ಬೋಲ್ಟು ಸರಿಯಾಗಿ ಚಿಮ್ಮದೆ ನಿಲ್ಲುವುದುಂಟು.

ಇವೆರಡಕ್ಕಿಂತ ಮುಖ್ಯವಾದದ್ದು ಮೈಯ ಅಳತೆ. ಷಾಟ್‌ಗನ್ನಿನಲ್ಲಿ ರೈಫಲಿನಂತೆ ಹಿಂಬದಿಯ ಗುರಿಕಂಡಿ ಇಲ್ಲ. ಹೊಡೆಯುವವನ ಕಣ್ಣೇ ಅದು. ಸ್ಟಾಕ್ ಎಂದು ಕರೆಯುವ ಹಿಂಬದಿಯ ದಿಂಡಿಗೆ ಕೆನ್ನೆ ತಾಗಿಸಿದಾಗ ಕಣ್ಣು ನಳಿಗೆಯ ನೇರಕ್ಕೆ ಬರದಿದ್ದರೆ, ಎಷ್ಟು ಬೆಲೆಯ ಕೋವಿಯೂ ಪ್ರತಿಸಲವೂ ಬೇರೆ ಕಡೆಗೇ ಹೊಡೆಯುತ್ತದೆ. ಆದ್ದರಿಂದ ಕಣ್ಣು ಮುಚ್ಚಿಕೊಂಡು ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದು ನೋಡಬೇಕು. ದಿಂಡಿನ ಬುಡದಲ್ಲಿ ಸಣ್ಣ ಬಿಲ್ಲೆಗಳನ್ನು ಸೇರಿಸಿ ಅದರ ಓರೆಯನ್ನು ತಿದ್ದುವ ಸೌಕರ್ಯ ಈಗಿನ ಅನೇಕ ಕೋವಿಗಳಲ್ಲಿದೆ. ಎಡಗೈಯವರು ಖಾಲಿ ತೋಟಾ ಮುಖದ ಮುಂದೆ ಹಾರದಂತೆ ಎಡಗೈ ಮಾದರಿಯನ್ನೇ ಆರಿಸುವುದು ಮೇಲು.

ನಳಿಗೆಯ ತುದಿಯನ್ನು ಕಿರಿದುಗೊಳಿಸುವ ಚೋಕ್ ಎಂಬ ಕೊಳವೆಯನ್ನು ಬದಲಿಸಿ ಚರೆ ಹರಡುವುದನ್ನು ಹಿಡಿತಕ್ಕೆ ತರಬಹುದು. ಫುಲ್ ಚೋಕಿನಲ್ಲಿ 40 ಗಜ ದೂರದ 30 ಅಂಗುಲದ ವೃತ್ತದೊಳಗೆ ಚರೆಯ ಸುಮಾರು 70 ಪಾಲು ಬೀಳುತ್ತದೆ. ಚೋಕೇ ಇಲ್ಲದಿದ್ದರೆ 40 ಪಾಲು. ಹತ್ತಿರದ ಸ್ಕೀಟಿಗೆ ಹರಡುವ ನಳಿಗೆ, ದೂರದ ಟ್ರ್ಯಾಪಿಗೆ ಬಿಗಿಯಾದದ್ದು. ಒಂದೇ ನಳಿಗೆಯ ಕೋವಿಯಲ್ಲಿ ಒಂದು ಹೊತ್ತಿಗೆ ಒಂದೇ ಚೋಕ್. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಹುಮಂದಿ ಮೇಲೆ ಕೆಳಗೆ ಎರಡು ನಳಿಗೆಯ ಕೋವಿಯನ್ನು ಹಿಡಿಯಲು ಇದೂ ಒಂದು ಕಾರಣ.

ಅಪಾಯದ ಮಾತನ್ನು ಹೇಳದೆ ಬಿಡಬಾರದು. ಇಪ್ಪತ್ತು ಬೋರಿನ ತೋಟಾ ಮರೆತು ಹನ್ನೆರಡು ಬೋರಿನ ಕೋವಿಗೆ ಬಿದ್ದರೆ, ಅದು ಒಳಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸಿಡಿದು ಕೈ ಹೋಗಬಹುದು. ಇಪ್ಪತ್ತು ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ವಾಡಿಕೆ ಬಂದದ್ದು ಇದಕ್ಕಾಗಿಯೇ. ಎರಡು ನಳಿಗೆಯ ಕೋವಿಯನ್ನು ಮಡಿಸಿ ಹಿಡಿದರೆ ಅದು ಖಾಲಿಯೆಂದು ಎಲ್ಲರಿಗೂ ಕಾಣುತ್ತದೆ. ಸೆಮಿ-ಆಟೊಮ್ಯಾಟಿಕ್ ಹಾಗೆ ಕಾಣಿಸುವುದಿಲ್ಲ. ಆದ್ದರಿಂದ ಬೋಲ್ಟು ತೆರೆದಿಟ್ಟು, ಬಣ್ಣದ ಸಣ್ಣ ಬಾವುಟವೊಂದನ್ನು ಒಳಗೆ ಸಿಕ್ಕಿಸುವ ಪದ್ಧತಿಯಿದೆ. ಹೀಗೆ ತಾನು ಮಾಡುವುದನ್ನು ಪಕ್ಕದವನಿಗೆ ತೋರಿಸಿ ನಂಬಿಸುವುದು ಈ ಕ್ರೀಡೆಯ ಮೊದಲ ಸಭ್ಯತೆ.

ಕೊನೆಯದಾಗಿ ಒಂದು ವಿಚಾರ. ಕೋವಿ ವೇಗವಾದಾಗ ಶಾಸನ ಅದನ್ನು ತಡೆದು ನಿಲ್ಲಿಸಬೇಕಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ 1907ರಲ್ಲಿಯೇ ಬೇಟೆಗೆ ಈ ಜಾತಿಯ ಕೋವಿಯನ್ನು ನಿಷೇಧಿಸಿತು. ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದೆಂದು 1935ರಲ್ಲಿ ಇಡೀ ದೇಶಕ್ಕೆ ನಿಯಮ ಬಂದಿತು. ಐದು ತುಂಬುವ ಕೋವಿಯ ಹೊಟ್ಟೆಗೆ ಕಟ್ಟಿಗೆಯ ಬೆಣೆ ಬಡಿದು ಮೂರಕ್ಕಿಳಿಸಿದರು. ಬಾತುಗಳು ಸೀಸದ ಚರೆಯನ್ನು ನುಂಗಿ ಸಾಯುತ್ತವೆಂದು 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಅಲ್ಲಿ ಸೀಸವನ್ನೇ ಬಿಡಿಸಿದರು. ಇಷ್ಟಾದರೂ ಕೆಲವಕ್ಕೆ ಕಾಲ ಮೀರಿತ್ತು. ಒಂದು ಕಾಲಕ್ಕೆ ಹಾರಿದರೆ ಆಕಾಶವೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳ ಜಾತಿಯ ಕಟ್ಟಕಡೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಮೃಗಶಾಲೆಯೊಂದರಲ್ಲಿ ಸತ್ತಿತು. ಆ ಮೃಗಶಾಲೆ ಇರುವುದು ಸಿನ್ಸಿನಾಟಿಯಲ್ಲಿ; ಮೂವತ್ತನಾಲ್ಕು ವರ್ಷ ಮೊದಲು ಮಣ್ಣಿನ ಪಾರಿವಾಳ ಹುಟ್ಟಿದ ಅದೇ ಊರಿನಲ್ಲಿ. ಒಡೆದ ಬಿಲ್ಲೆಗೆ ಬದಲು ಇನ್ನೊಂದನ್ನು ನಾವು ಮಾಡಬಲ್ಲೆವು. ಕೋವಿಯನ್ನು ಆರಿಸುವವನು ತೂಕ, ಯಂತ್ರ, ಚೋಕ್‌ಗಳನ್ನೆಲ್ಲ ವಿಚಾರಿಸುವುದಕ್ಕೆ ಮುಂಚೆ ಗುರಿಯನ್ನು ಆರಿಸುವುದು ಒಳ್ಳೆಯದು.